ಹತ್ತು ಸೆಕೆಂಡು ಮುಂದಿನ ಬಲೂನು

(ಬೆಂಗಳೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ, ಬಿಸಿಗಾಳಿ ಬಲೂನು ಹಾರಿಸುವುದನ್ನು ಕಲಿಯಲು ಬಂದವರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಲೂನು ಹಾರಿಸುತ್ತೇನೆ ಅಂದ ತಕ್ಷಣ ಜನ ಕೇಳುವುದು "ಎಷ್ಟು ಎತ್ತರ ಹೋಗ್ತೀರಿ?" ಅಂತ. ಎತ್ತರದ ಮಾತಾದರೆ ನಮ್ಮ ದೇಶದವರೇ ಆದ ವಿಜಯಪತ್ ಸಿಂಘಾನಿಯಾ 2005ರ ನವೆಂಬರ್ 26ರಂದು ಮುಂಬೈಯಿಂದ ಹೊರಟು 21,027 ಮೀಟರ್ ಏರಿ ವಿಶ್ವದಾಖಲೆ ಮಾಡಿದ್ದಾರೆ. ನಾನು ಅದರ ಹತ್ತಿರಕ್ಕೂ ಹೋದವನಲ್ಲ. ನನ್ನ ಕೆಲಸವೆಲ್ಲ ಕೊನೆಯ ಮುನ್ನೂರು ಅಡಿಯದು. ಕಲಿಯುವವರನ್ನು ಆ ಮುನ್ನೂರು ಅಡಿ ಸುರಕ್ಷಿತವಾಗಿ ಇಳಿಸುವುದು.

ಕಳೆದ ವರ್ಷ ವಿದ್ಯಾರ್ಥಿಯೊಬ್ಬನ ತಾಯಿ ನನ್ನನ್ನು ಬದಿಗೆ ಕರೆದು ಕೇಳಿದರು: "ಹತ್ತಿಸೋದು ಸರಿ ಸರ್, ಇಳಿಸೋದು ಹೆಂಗೆ? ಅದಕ್ಕೆ ಸ್ಟೇರಿಂಗೂ ಇಲ್ಲ, ಬ್ರೇಕೂ ಇಲ್ಲ ಅಂತಾರಲ್ಲ?" ಇಷ್ಟು ಸರಿಯಾದ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅವತ್ತು ಏನೋ ಸಮಾಧಾನದ ಮಾತು ಹೇಳಿ ಕಳಿಸಿದೆ. ಅವರು ಇವತ್ತು ಇಲ್ಲಿ ಕೂತಿದ್ದಾರೆ, ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಪೂರ್ತಿಯಾಗಿ ಹೇಳುತ್ತೇನೆ.

ಅಮ್ಮ, ನೀವು ಹೇಳಿದ್ದು ನಿಜ. ಸ್ಟೇರಿಂಗ್ ಇಲ್ಲ, ಬ್ರೇಕ್ ಇಲ್ಲ. ನಮ್ಮ ಕೈಯಲ್ಲಿರುವುದು ಎರಡೇ. ಒಂದು ಬರ್ನರ್, ಅದನ್ನು ಹಚ್ಚಿದರೆ ಮೇಲೆ. ಇನ್ನೊಂದು ಬಲೂನಿನ ನೆತ್ತಿಯಲ್ಲಿರುವ ವೆಂಟಿನ ಹಗ್ಗ, ಎಳೆದರೆ ಬಿಸಿಗಾಳಿ ಹೊರಗೆ, ನಾವು ಕೆಳಗೆ. ಎಡ, ಬಲ ಹೋಗಬೇಕಾದರೆ ಗಾಳಿಯನ್ನೇ ಹುಡುಕಬೇಕು. ಬೇರೆ ಬೇರೆ ಎತ್ತರದಲ್ಲಿ ಗಾಳಿ ಬೇರೆ ಬೇರೆ ದಿಕ್ಕಿಗೆ ಬೀಸುತ್ತದೆ. ನಮಗೆ ಬೇಕಾದ ದಿಕ್ಕಿನದು ಯಾವ ಎತ್ತರದಲ್ಲಿದೆಯೋ ಅಲ್ಲಿಗೆ ಏರಬೇಕು ಇಲ್ಲವೇ ಇಳಿಯಬೇಕು. 1783ರ ನವೆಂಬರ್ 21ರಂದು ಪ್ಯಾರಿಸ್ಸಿನಲ್ಲಿ ಮೊದಲ ಸಲ ಇಬ್ಬರು ಮನುಷ್ಯರು ಮಾಂಟ್‌ಗಾಲ್ಫಿಯೆ ಸಹೋದರರ ಬಲೂನಿನಲ್ಲಿ ಹಗ್ಗ ಬಿಚ್ಚಿ ಹಾರಿದಾಗಲೂ ಸ್ಟೇರಿಂಗ್, ಬ್ರೇಕ್ ಇರಲಿಲ್ಲ. ಅವರು ಹುಲ್ಲು ಉರಿಸಿದರು, ನಾವು ಪ್ರೊಪೇನ್ ಉರಿಸುತ್ತೇವೆ.

ಈಗ ಸ್ವಲ್ಪ ಲೆಕ್ಕ. ಲೆಕ್ಕವಿಲ್ಲದೆ ಈ ವಿಷಯ ಅರ್ಥವಾಗುವುದಿಲ್ಲ.

ಸುಮಾರು 3,000 ಘನ ಮೀಟರಿನ ಬಲೂನು ಅಂದುಕೊಳ್ಳಿ. ಬೆಂಗಳೂರು ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 900 ಮೀಟರ್ ಮೇಲಿದೆ. ಚಳಿಗಾಲದ ಬೆಳಿಗ್ಗೆ ಹೊರಗೆ 15 ಡಿಗ್ರಿ, ಬಲೂನಿನೊಳಗೆ 90 ಡಿಗ್ರಿ ಇದ್ದರೆ, ಹೊರಗಿನ ಒಂದು ಘನ ಮೀಟರ್ ಗಾಳಿ 1.1 ಕೆಜಿ ತೂಗುತ್ತದೆ, ಒಳಗಿನದು 0.87 ಕೆಜಿ. ಈ ವ್ಯತ್ಯಾಸವೇ ನಮ್ಮನ್ನು ಎತ್ತುವುದು. ಒಟ್ಟು ಸುಮಾರು 680 ಕೆಜಿ. ಬಟ್ಟೆ, ಬುಟ್ಟಿ, ಸಿಲಿಂಡರು, ಜನ ಎಲ್ಲ ಇದರೊಳಗೇ ಹಿಡಿಯಬೇಕು. ಇದೇ ಉಷ್ಣತೆಗಳಿದ್ದರೆ ಮಂಗಳೂರಿನ ಕಡಲ ದಂಡೆಯಲ್ಲಿ ಇನ್ನೊಬ್ಬರನ್ನು ಹತ್ತಿಸಿಕೊಳ್ಳಬಹುದಿತ್ತು. ನಮ್ಮೂರಿನ ಎತ್ತರಕ್ಕೆ ಕಟ್ಟುವ ಸುಂಕ ಅದು.

ಇಳಿಯುವಾಗ ಮುಖ್ಯವಾಗುವುದು ಬೇರೆ ಸಂಖ್ಯೆ. ಒಳಗಿರುವ ಬಿಸಿಗಾಳಿಯೇ ಎರಡೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ನಮ್ಮ ಸಾಮಾನು ಸೇರಿದರೆ ಮೂರು ಟನ್ ದಾಟುತ್ತದೆ. ನೋಡುವುದಕ್ಕೆ ಹತ್ತಿಯ ಉಂಡೆ, ನಡೆಯುವುದು ಜಲ್ಲಿ ತುಂಬಿದ ಟೆಂಪೋ. ಇಳಿಜಾರಿನಲ್ಲಿ ಲೋಡು ಹೊತ್ತ ಟೆಂಪೋ ಓಡಿಸಿದವರಿಗೆ ಗೊತ್ತು, ತಿರುವು ಬಂದಮೇಲೆ ಬ್ರೇಕ್ ಒತ್ತಿದರೆ ಆಗುವುದಿಲ್ಲ.

ಇದರ ಮೇಲೆ ಇನ್ನೊಂದು ಸೇರಿಕೊಳ್ಳುತ್ತದೆ. ಬರ್ನರ್ ಹಚ್ಚಿದ ಕೂಡಲೇ ಬಲೂನು ಏರುವುದಿಲ್ಲ. ಬೆಂಕಿಯ ಬಿಸಿ ಆ ರಾಶಿ ಗಾಳಿಯಲ್ಲಿ ಬೆರೆತು, ಕೆಳಮುಖವಾಗಿ ಹೋಗುತ್ತಿರುವ ಮೂರು ಟನ್ನನ್ನು ತಡೆದು ಮೇಲೆ ತಿರುಗಿಸಬೇಕು. ಅದಕ್ಕೆ ಏಳೆಂಟು ಸೆಕೆಂಡು, ಬಲೂನು ದೊಡ್ಡದಾದರೆ ಹತ್ತು ಹದಿನೈದು ಸೆಕೆಂಡು ಬೇಕು. ಒಲೆಯ ಮೇಲೆ ಹಾಲಿಟ್ಟವರು ಯಾರೂ ಹಾಲು ಪಾತ್ರೆಯ ಅಂಚಿಗೆ ಬರುವ ತನಕ ಕಾಯುವುದಿಲ್ಲ. ಅಂಚಿಗೆ ಬಂದಮೇಲೆ ಉರಿ ಆರಿಸಿದರೂ ಅದು ಚೆಲ್ಲಿಯೇ ಚೆಲ್ಲುತ್ತದೆ.

ಹೊಸಬರು ಮೊದಲ ದಿನ ಏನು ಮಾಡುತ್ತಾರೆ ಗೊತ್ತೆ? ನೆಲ ಹತ್ತಿರ ಬಂತು ಅಂತ ಬರ್ನರ್ ಒತ್ತುತ್ತಾರೆ. ಏನೂ ಆಗುವುದಿಲ್ಲ. ಹೆದರಿ ಇನ್ನೊಮ್ಮೆ ಒತ್ತುತ್ತಾರೆ. ಅಷ್ಟರಲ್ಲಿ ಮೊದಲನೆಯದು ಕೆಲಸ ಮಾಡಿರುತ್ತದೆ, ಎರಡನೆಯದೂ ಸೇರಿ ಬಲೂನು ಸರ್ರನೆ ಏರುತ್ತದೆ. ಗಾಬರಿಯಲ್ಲಿ ವೆಂಟ್ ಎಳೆಯುತ್ತಾರೆ, ಈಗ ಬೇಕಾದ್ದಕ್ಕಿಂತ ಜೋರಾಗಿ ಕೆಳಗೆ. ಉಯ್ಯಾಲೆ ಶುರು. ಅದನ್ನು ನಿಲ್ಲಿಸಲು ನನಗೆ ಗೊತ್ತಿರುವ ಉಪಾಯ ಒಂದೇ: ಚಿಕ್ಕದಾಗಿ ಹಚ್ಚು, ಕೈ ತೆಗೆ, ಬಾಯಲ್ಲಿ ಎಣಿಸು. ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸಲು ಹೇಳುತ್ತೇನೆ. ಈಗಿರುವ ಬಲೂನನ್ನು ಹಾರಿಸಬೇಡ, ಹತ್ತು ಸೆಕೆಂಡು ಮುಂದಿರುವ ಬಲೂನನ್ನು ಹಾರಿಸು ಅನ್ನುತ್ತೇನೆ. ಆರೇಳು ಹಾರಾಟದ ನಂತರ ಎಣಿಕೆ ಬಾಯಿಂದ ಕೈಗೆ ಇಳಿಯುತ್ತದೆ.

ಈಗ ಆ ಹತ್ತು ಸೆಕೆಂಡನ್ನು ನಮ್ಮ ಹೊಲಗಳ ಮೇಲೆ ಇಟ್ಟು ನೋಡಿ. ಗಂಟೆಗೆ 10 ಕಿಲೋಮೀಟರ್ ಗಾಳಿ ಅಂದರೆ ಬಲೂನಿನವರಿಗೆ ಹಿತವಾದ ಗಾಳಿಯೇ. ನಿಮಿಷಕ್ಕೆ 165 ಮೀಟರಿಗಿಂತ ಸ್ವಲ್ಪ ಹೆಚ್ಚು. ಹೊಸಕೋಟೆ, ಚಿಂತಾಮಣಿ, ಕೋಲಾರದ ಕಡೆ ಒಂದೆಕರೆ ಹೊಲ ಚೌಕವಾಗಿದ್ದರೆ ಬದಿಯೊಂದಕ್ಕೆ 63 ಮೀಟರ್ ಚಿಲ್ಲರೆ. ಅದು ನಮ್ಮ ಬುಟ್ಟಿಯ ಕೆಳಗೆ ಹಾದುಹೋಗಲು 23 ಸೆಕೆಂಡು ಸಾಕು. ಅದರಲ್ಲಿ ಹತ್ತು ಸೆಕೆಂಡನ್ನು ಬಲೂನು ತಿಂದುಬಿಡುತ್ತದೆ. ಅಂದರೆ ಹೊಲದ ಮೇಲೆ ಬಂದಮೇಲೆ ಯೋಚಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ಆ ಹೊಲದಲ್ಲಿ ಇಳಿಯುವ ತೀರ್ಮಾನವನ್ನು ಅದಕ್ಕಿಂತ ಎರಡು ಮೂರು ಹೊಲ ಹಿಂದೆಯೇ ಮಾಡಿರಬೇಕು. ಮುನ್ನೂರು ಅಡಿಯಲ್ಲಿದ್ದು ನಿಮಿಷಕ್ಕೆ ಮುನ್ನೂರು ಅಡಿಯಂತೆ ಇಳಿಯುತ್ತಿದ್ದರೆ ನೆಲಕ್ಕೆ ಒಂದು ನಿಮಿಷ, ಆ ನಿಮಿಷದಲ್ಲಿ 165 ಮೀಟರ್ ಮುಂದಕ್ಕೆ. ಕೊನೆಯ ನೂರು ಅಡಿಯಲ್ಲಿ ವೇಗ ಇನ್ನೂ ತಗ್ಗಿಸಬೇಕು, ಹಾಗಾಗಿ ದೂರ ಇನ್ನೂ ಹೆಚ್ಚು. ಈ ಗುಣಾಕಾರ ವಿದ್ಯಾರ್ಥಿಗೆ ನಿದ್ದೆಯಲ್ಲೂ ಬರಬೇಕು.

ಇದನ್ನು ಹೇಳಿಕೊಡಲು ಬಲೂನೇ ಬೇಕಿಲ್ಲ. ನಂದಿಬೆಟ್ಟದ ನೆತ್ತಿ 1,478 ಮೀಟರ್. ಸುತ್ತಲಿನ ಬಯಲು ಅದಕ್ಕಿಂತ ಐನೂರು ಮೀಟರಿಗೂ ಹೆಚ್ಚು ಕೆಳಗಿದೆ. ಬಲೂನಿನಿಂದ ಕಾಣುವುದೂ ಹೆಚ್ಚು ಕಡಿಮೆ ಅಷ್ಟೇ. ವಿದೇಶಿ ಕೈಪಿಡಿಗಳಲ್ಲಿ ಸಿಮ್ಯುಲೇಟರ್ ಬಗ್ಗೆ ಪುಟಗಟ್ಟಲೆ ಬರೆದಿರುತ್ತಾರೆ, ನಮಗೆ ಆ ಬಂಡೆಯೇ ಸಿಮ್ಯುಲೇಟರ್. ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ವಿದ್ಯಾರ್ಥಿಗಳನ್ನು ಬಂಡೆಯ ಮೇಲೆ ಕೂರಿಸುತ್ತೇನೆ. "ಗಾಳಿ ಪೂರ್ವದಿಂದ ಬರ್ತಿದೆ ಅಂದ್ಕೊಳ್ಳಿ. ಐದು ನಿಮಿಷದಲ್ಲಿ ಇಳೀಬೇಕು. ಎಲ್ಲಿ?" ಮೊದಲು ಎಲ್ಲರ ಬೆರಳೂ ಹಸಿರು ಕಡೆ ಹೋಗುತ್ತದೆ. ಹಸಿರು ಮೆತ್ತಗೆ ಕಾಣುತ್ತದಲ್ಲ, ಅದಕ್ಕೆ.

ಅಲ್ಲೇ ಮೊದಲ ಪಾಠ. ಜನವರಿಯಲ್ಲಿ ಬಯಲುಸೀಮೆಯಲ್ಲಿ ಹಸಿರು ಕಂಡರೆ ಅಲ್ಲಿ ಬೋರ್‌ವೆಲ್ ಇದೆ. ಬೋರ್‌ವೆಲ್ ಇದ್ದರೆ ಪಂಪಿದೆ, ಪಂಪಿದ್ದರೆ ಕರೆಂಟಿದೆ, ಕರೆಂಟಿದ್ದರೆ ತಂತಿ ಇದೆ ಅಂತಲೇ ಹಿಡಿಯಬೇಕು. ಜೊತೆಗೆ ಅದು ಒಬ್ಬರ ವರ್ಷದ ಅನ್ನ. ದ್ರಾಕ್ಷಿ ತೋಟವಾದರೆ ಕಲ್ಲುಕಂಬ ಮತ್ತು ತಂತಿಯ ಚಪ್ಪರ. ಹಿಪ್ಪುನೇರಳೆಯಾದರೆ ರೇಷ್ಮೆ ಹುಳುವಿನ ಮೇವು. ನಮಗೆ ಬೇಕಾದದ್ದು ರಾಗಿ ಕೊಯ್ದ ಬರಿಯ ಕಂದು ಹೊಲ. ಅದು ಬೆಟ್ಟದ ಮೇಲಿಂದ ಏನೇನೂ ಚೆಂದ ಕಾಣುವುದಿಲ್ಲ. ಆ ಚೆಂದವಿಲ್ಲದ ಹೊಲವನ್ನು ಪ್ರೀತಿಸುವುದನ್ನು ಕಲಿಯಬೇಕು. ಹತ್ತಿರ ಗಾಡಿ ಬರುವ ದಾರಿ ಇರಬೇಕು, ಗಾಳಿ ಬರುವ ಕಡೆ ಎತ್ತರದ ಮರ ಇರಬಾರದು. ಇದೆಲ್ಲಕ್ಕಿಂತ ಹೆಚ್ಚಾಗಿ, ಅದು ತಪ್ಪಿದರೆ ಅದರಾಚೆ ಇನ್ನೊಂದು ಇರಬೇಕು. ಒಂದೇ ಹೊಲ ತೋರಿಸಿದವರಿಗೆ ನಾನು ಅಂಕ ಕೊಡುವುದಿಲ್ಲ.

ಆಮೇಲೆ ಹೊಗೆ ನೋಡಲು ಹೇಳುತ್ತೇನೆ. ಹಳ್ಳಿಯ ಒಲೆಗಳ ಹೊಗೆ, ಇಟ್ಟಿಗೆ ಗೂಡಿನ ಹೊಗೆ. ಕೆಳಗಿನ ಗಾಳಿ ಎತ್ತ ಹೋಗುತ್ತಿದೆ, ಎಷ್ಟು ಎತ್ತರದಲ್ಲಿ ಹೊಗೆ ಬಾಗುತ್ತಿದೆ? ಉತ್ತರ ಗೋಳಾರ್ಧದಲ್ಲಿ ಸಾಮಾನ್ಯವಾಗಿ ಕೆಳಗಿಳಿದಂತೆ ಬಲೂನಿನ ದಾರಿ ಎಡಕ್ಕೆ ವಾಲುತ್ತದೆ ಅನ್ನುತ್ತವೆ ಪುಸ್ತಕಗಳು. ನಮ್ಮ ಕಡೆ ಅದನ್ನೇ ನಂಬಿ ಕೂರಬಾರದು. ಬೆಳಗಿನ ಜಾವ ತಣ್ಣನೆಯ ಗಾಳಿ ಭಾರವಾಗಿ, ನೀರು ಹರಿಯುವ ದಾರಿಯಲ್ಲೇ ಹರಿಯುತ್ತದೆ. ಕೆರೆಯಿಂದ ಕೆರೆಗೆ ಕೋಡಿ ನೀರು ಎತ್ತ ಹೋಗುತ್ತದೋ ಅತ್ತಲೇ ನೆಲಕ್ಕಂಟಿ ಜಾರುತ್ತದೆ. ಬಯಲಿನ ಏರುತಗ್ಗು ತಿಳಿದವರಿಗೆ ಕೊನೆಯ ನೂರು ಅಡಿಯ ಗಾಳಿಯೂ ಅರ್ಧ ತಿಳಿದ ಹಾಗೆ. ಹಾರುತ್ತಿರುವಾಗ ಅನುಮಾನ ಬಂದರೆ ಶೇವಿಂಗ್ ಫೋಮಿನ ಒಂದು ಸಣ್ಣ ಉಂಡೆಯನ್ನು ಕೆಳಗೆ ಬಿಟ್ಟು ಅದು ಎತ್ತ ಸಾಗುತ್ತದೆ ನೋಡುತ್ತೇವೆ. ಬಿಸಿಲೇರಿದ ಮೇಲೆ ಈ ಯಾವ ಲೆಕ್ಕವೂ ನಿಲ್ಲುವುದಿಲ್ಲ. ನೆಲ ಕಾದು ಗಾಳಿ ಏಳಲು ಶುರುವಾಗುವ ಮೊದಲೇ ನಾವು ಕೆಳಗಿರಬೇಕು.

ತಂತಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಿಧಾನವಾಗಿ ಮಾತಾಡಬೇಕು.

2012ರ ಜನವರಿ 7ರಂದು ನ್ಯೂಜಿಲೆಂಡಿನ ಕಾರ್ಟರ್ಟನ್ ಹತ್ತಿರ ಬಲೂನೊಂದು ವಿದ್ಯುತ್ ತಂತಿಗೆ ತಗುಲಿ ಅದರಲ್ಲಿದ್ದ 11 ಜನರೂ ತೀರಿಕೊಂಡರು. 2016ರ ಜುಲೈ 30ರಂದು ಅಮೆರಿಕದ ಟೆಕ್ಸಸ್‌ನ ಲಾಕ್‌ಹಾರ್ಟ್ ಬಳಿ 16 ಜನ, ಅದೂ ತಂತಿಯೇ. ಎರಡರ ತನಿಖೆಯಲ್ಲೂ ಪೈಲಟ್ಟಿನ ದೇಹದಲ್ಲಿ ಮಾದಕವಸ್ತು, ಟೆಕ್ಸಸ್ಸಿನದರಲ್ಲಿ ಜೊತೆಗೆ ಮಂಜಿನಲ್ಲಿ ಹಾರಿದ್ದು ಹೀಗೆ ಬೇರೆ ಬೇರೆ ಕಾರಣಗಳು ಬಂದವು. ಕಾರ್ಟರ್ಟನ್ ವರದಿಯಲ್ಲಿ ನಾನು ಪ್ರತಿ ವಿದ್ಯಾರ್ಥಿಗೂ ಓದಿಸುವ ಒಂದು ಅಂಶವಿದೆ: ತಂತಿ ಎದುರಿಗೆ ಬಂದಾಗ ಪೈಲಟ್ ಮೇಲೇರಿ ದಾಟಲು ನೋಡಿದರು. ಏರಿ ದಾಟುವಷ್ಟು ಸಮಯವಿಲ್ಲದಿದ್ದಾಗ ಮಾಡಬೇಕಾದದ್ದು ಅದರ ವಿರುದ್ಧ. ವೆಂಟ್ ಪೂರ್ತಿ ಎಳೆದು, ಬರ್ನರ್ ನಿಲ್ಲಿಸಿ, ಸಿಲಿಂಡರ್ ಮುಚ್ಚಿ, ಸಾಧ್ಯವಾದಷ್ಟು ಬೇಗ ಕೆಳಗೆ ಹೋಗಬೇಕು. ಬುಟ್ಟಿ ನೆಲಕ್ಕೆ ಜೋರಾಗಿ ಬಡಿದರೆ ಕಾಲು ಮುರಿಯಬಹುದು. ಮೇಲಿನ ಬಟ್ಟೆ ತಂತಿಗೆ ತಗುಲಿದರೆ ಜೀವ ಉಳಿಯುವ ಸಾಧ್ಯತೆ ಇದೆ. ಬುಟ್ಟಿ, ಅದನ್ನು ಬಲೂನಿಗೆ ಕಟ್ಟಿರುವ ಉಕ್ಕಿನ ಹಗ್ಗಗಳು, ಸಿಲಿಂಡರು ಇವು ತಗುಲಬಾರದು.

ಮೇಲೇರುವುದು ಮನುಷ್ಯನ ಸಹಜ ಬುದ್ಧಿ. ಅಪಾಯ ಕೆಳಗಿದೆ ಅನ್ನಿಸಿದಾಗ ಕೈ ತಾನಾಗಿ ಬರ್ನರ್ ಕಡೆ ಹೋಗುತ್ತದೆ. ಆದರೆ ಬಲೂನಿಗೆ ಹತ್ತು ಸೆಕೆಂಡು ಬೇಕು, ತಂತಿ ಕಾಯುವುದಿಲ್ಲ. ಅದಕ್ಕೇ ಈ ಅಭ್ಯಾಸವನ್ನು ನೆಲದ ಮೇಲೆ, ಬುಟ್ಟಿಯಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಮತ್ತೆ ಮತ್ತೆ ಮಾಡಿಸುತ್ತೇನೆ. ಹಗ್ಗ ಎಲ್ಲಿದೆ, ಕವಾಟ ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆ. ಇದರಲ್ಲಿ ಯಾರಿಗೂ ವಿನಾಯಿತಿ ಇಲ್ಲ.

ಇದೆಲ್ಲ ಬರದ ಹಾಗೆ ನೋಡಿಕೊಳ್ಳುವುದು ಹೇಗೆ? ತಂತಿ ಕಾಣುವುದಿಲ್ಲ, ಕಂಬ ಕಾಣುತ್ತದೆ. ಆದ್ದರಿಂದ ತಂತಿ ಹುಡುಕಬೇಡಿ, ಕಂಬ ಎಣಿಸಿ. ಎರಡು ಕಂಬದ ನಡುವೆ ತಂತಿ ಇದ್ದೇ ಇದೆ ಎಂದು ನಂಬಿ. ಒಂಟಿ ಕಂಬ ಕಂಡರೆ ಅದರ ಜೋಡಿ ಸಿಗುವ ತನಕ ಕಣ್ಣು ತೆಗೆಯಬೇಡಿ. ಯಾವ ತಂತಿಯ ಕಡೆಗೂ ಇಳಿಯುತ್ತಾ ಹೋಗಬೇಡಿ. ದಾಟುವುದಾದರೆ ಎತ್ತರ ಉಳಿಸಿಕೊಂಡು ಪೂರ್ತಿ ದಾಟಿ, ಆಮೇಲೆ ಇಳಿಯಿರಿ.

ಇಷ್ಟೆಲ್ಲ ಹೇಳುವ ನಾನೇ ಒಂದು ಬೆಳಿಗ್ಗೆ ತಪ್ಪಿದೆ.

ಚಿಂತಾಮಣಿ ಕಡೆಯ ಹುಡುಗಿ, ಒಳ್ಳೆಯ ಕೈ. ಆವತ್ತು ಗಾಳಿ ಹಿತವಾಗಿತ್ತು. ಮೊದಲ ಹೊಲದಲ್ಲಿ ದನ ಮೇಯುತ್ತಿದ್ದವು, ಬರ್ನರ್ ಶಬ್ದಕ್ಕೆ ಹಗ್ಗ ಹರಿದುಕೊಳ್ಳುತ್ತವೆ ಅಂತ ಅವಳೇ ಅದನ್ನು ಬಿಟ್ಟಳು. ಮುಂದಿನದು ಅಗಲವಾದ ರಾಗಿ ಹೊಲ, ಕೊಯ್ಲು ಮುಗಿದಿತ್ತು, ಬದಿಯಲ್ಲೇ ದಾರಿ. ಹೊಲದ ಈ ಅಂಚಿನಲ್ಲಿ ಒಂದು ಲೈನು ಹಾದುಹೋಗಿತ್ತು. ಅದನ್ನು ದೂರದಿಂದಲೇ ಗುರುತಿಸಿ ನನಗೆ ಹೇಳಿದ್ದಳು. ಆದರೂ ಹೊಲ ಅಷ್ಟು ಚೆನ್ನಾಗಿದ್ದರಿಂದ ಸ್ವಲ್ಪ ಬೇಗ ಇಳಿಯಲು ಶುರುಮಾಡಿದಳು. ಇದೇ ವೇಗದಲ್ಲಿ ಹೋದರೆ ಲೈನಿನ ಮೇಲೆ ಸಾಕಷ್ಟು ಎತ್ತರ ಉಳಿಯುವುದಿಲ್ಲ ಅಂತ ನನಗೆ ಕಂಡಿತು. ಅವಳೇ ಕಂಡುಕೊಳ್ಳಲಿ, ತಾನೇ ತಿದ್ದಿಕೊಂಡರೆ ಜೀವಮಾನದಲ್ಲಿ ಮರೆಯುವುದಿಲ್ಲ ಅಂತ ಸುಮ್ಮನಿದ್ದೆ. ಒಂದು, ಎರಡು, ಮೂರು ಸೆಕೆಂಡು. ಅವಳ ಕೈ ಬರ್ನರಿಗೆ ಹೋಗಲಿಲ್ಲ. ಆಗ ನಾನು ಕೈ ಹಾಕಿ ಒತ್ತಿದೆ. ಬಲೂನು ತನ್ನ ಸಮಯ ತೆಗೆದುಕೊಂಡಿತು. ಲೈನನ್ನು ದಾಟಿದೆವು. ನಾನು ಯಾರಿಗೂ ಒಪ್ಪದಷ್ಟು ಕಡಿಮೆ ಅಂತರದಲ್ಲಿ ದಾಟಿದೆವು. ಆ ಹೊಲ ಹಿಂದೆ ಹೋಯಿತು, ಅದರಾಚೆಯ ಹೊಲದಲ್ಲಿ ಇಳಿದೆವು.

ಬಲೂನು ಮಡಚಿದ ಮೇಲೆ ಅವಳು ಕೇಳಿದಳು. "ಸರ್, ನಿಮಗೆ ಕಂಡಿತ್ತಲ್ವಾ? ಯಾಕೆ ಸುಮ್ಮನಿದ್ರಿ?"

"ನೀನೇ ತಿದ್ಕೋತೀಯ ಅಂತ ಕಾದೆ ಕಣಮ್ಮ" ಅಂದೆ.

"ನಾನು ನಿಮ್ಮ ಮುಖ ನೋಡ್ತಿದ್ದೆ ಸರ್. ನೀವು ಸುಮ್ಮನಿದ್ದಿದ್ದಕ್ಕೆ ಸರಿಯಾಗೇ ಹೋಗ್ತಿದೀನಿ ಅಂದ್ಕೊಂಡೆ."

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ವಿಮಾನ ಕಲಿಸುವವರು ತಪ್ಪು ಆಗುವ ತನಕ ಕಾಯಬಹುದು, ಅವರ ಕೈ ಹಾಕಿದ ಕ್ಷಣವೇ ವಿಮಾನ ಉತ್ತರ ಕೊಡುತ್ತದೆ. ನಮ್ಮದು ಹಾಗಲ್ಲ. ಬಲೂನಿಗೆ ಹತ್ತು ಸೆಕೆಂಡು ಬೇಕು ಅಂತ ಅವಳಿಗೆ ಎಣಿಸಿ ಎಣಿಸಿ ಕಲಿಸಿದವನು, ಗುರುವಿನ ಕೈಗೂ ಅದೇ ಹತ್ತು ಸೆಕೆಂಡು ತಡ ಇದೆ ಅನ್ನುವುದನ್ನು ಮರೆತಿದ್ದೆ. ಅದಕ್ಕಿಂತ ದೊಡ್ಡದು, ನನ್ನ ಮೌನವನ್ನು ಅವಳು ಒಪ್ಪಿಗೆ ಅಂತ ಓದಿದ್ದಳು. ಹೊಸಬರಿಗೆ ಗುರುವಿನ ಮುಖವೂ ಒಂದು ಮೀಟರ್. ಅದನ್ನು ನೋಡಬೇಡ ಅಂದರೆ ನೋಡದೆ ಇರುತ್ತಾರೆಯೇ?

ಅಂದಿನಿಂದ ಕಲಿಸುವ ಕ್ರಮ ಬದಲಾಯಿಸಿದೆ. ಮುನ್ನೂರು ಅಡಿಗೆ ಒಂದು ಬಾಗಿಲು ಇಟ್ಟಿದ್ದೇವೆ. ಆ ಎತ್ತರಕ್ಕೆ ಬಂದಾಗ ವಿದ್ಯಾರ್ಥಿ ಗಟ್ಟಿಯಾಗಿ ಹೇಳಬೇಕು: "ಇಳೀತೀನಿ", ಇಲ್ಲವೇ "ಬಿಡ್ತೀನಿ". ಇಳೀತೀನಿ ಅನ್ನುವುದಾದರೆ ಕಂಬ ಎಷ್ಟು, ಲೈನು ದಾಟಿಯಾಯಿತೇ, ಇದು ತಪ್ಪಿದರೆ ಮುಂದೆ ಯಾವ ಹೊಲ, ಮೂರನ್ನೂ ಹೇಳಿಯೇ ಅನ್ನಬೇಕು. ಯಾವುದೂ ಹೇಳದಿದ್ದರೆ ನಾನು ಬರ್ನರ್ ಒತ್ತುತ್ತೇನೆ. ಮೌನಕ್ಕೆ ಈಗ ಒಂದೇ ಅರ್ಥ, ಬಿಡುವುದು. "ಬಿಡ್ತೀನಿ" ಅಂದವರನ್ನು ಯಾಕೆ ಅಂತ ಆ ಹೊತ್ತಿನಲ್ಲಿ ಕೇಳುವುದಿಲ್ಲ, ಕೆಳಗಿಳಿದ ಮೇಲೂ ಅದನ್ನು ತಪ್ಪು ಅಂತ ಬರೆಯುವುದಿಲ್ಲ. ಒಬ್ಬ ಹುಡುಗ ಒಂದೇ ಬೆಳಿಗ್ಗೆ ನಾಲ್ಕು ಸಲ ಬಿಟ್ಟ. ಐದನೆಯದರಲ್ಲಿ ಇಳಿಸಿದ. ಆ ವರ್ಷ ನಾನು ನೋಡಿದ ಅತ್ಯುತ್ತಮ ಇಳಿತ ಅದು. ಸಿಲಿಂಡರಿನಲ್ಲಿ ಅಷ್ಟು ಗ್ಯಾಸ್ ಉಳಿಸಿಕೊಂಡಿದ್ದ ಅನ್ನುವುದೂ ಅದರಲ್ಲಿ ಸೇರಿದೆ. ಗ್ಯಾಸ್ ಮುಗಿಯುತ್ತಾ ಬಂದವರಿಗೆ ಬಿಡುವ ಸ್ವಾತಂತ್ರ್ಯ ಇರುವುದಿಲ್ಲ.

ಲೈಸೆನ್ಸಿನ ಬಗ್ಗೆ ಕೆಲವರು ಚೀಟಿ ಕಳಿಸಿದ್ದೀರಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಲ್ಲಿ ಕನಿಷ್ಠ 16 ವರ್ಷ ವಯಸ್ಸು, 16 ಗಂಟೆ ಹಾರಾಟ, ಅದರಲ್ಲಿ ಎಂಟು ಏರುಗಳು, ಒಂದು ಒಬ್ಬರೇ ಹಾರಿದ್ದು. ಎಂಟು ಏರಿದರೆ ಎಂಟೇ ಇಳಿತ. ನನಗೆ ಅದು ಸಾಲದು ಅನ್ನಿಸುತ್ತದೆ, ಅದಕ್ಕೇ ಬೆಟ್ಟದ ಮೇಲೆ ಅಷ್ಟು ಹೊತ್ತು ಕೂರಿಸುವುದು.

ನೆಲ ಮುಟ್ಟುವ ಕ್ಷಣದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಮನೆಯವರೂ ಮುಂದೆ ಬುಟ್ಟಿಯಲ್ಲಿ ನಿಲ್ಲಬಹುದು. ಕ್ಯಾಮೆರಾ, ಮೊಬೈಲು ಒಳಗೆ. ಸಾಗುತ್ತಿರುವ ದಿಕ್ಕಿಗೆ ಬೆನ್ನು ಕೊಟ್ಟು, ಮಂಡಿ ಸ್ವಲ್ಪ ಬಗ್ಗಿಸಿ, ಬುಟ್ಟಿಯ ಒಳಗಿನ ಹಗ್ಗದ ಹಿಡಿ ಹಿಡಿದುಕೊಳ್ಳಬೇಕು. ಕೈ ಹೊರಗೆ ಹಾಕಬಾರದು. ಬುಟ್ಟಿ ಒಂದೆರಡು ಸಲ ಪುಟಿಯಬಹುದು, ಮಗುಚಿಕೊಂಡು ಎಳೆದಾಡಬಹುದು. ಗಾಳಿ 10ರಿಂದ 20ಕ್ಕೆ ಏರಿದರೆ ಎಳೆಯುವ ಶಕ್ತಿ ನಾಲ್ಕು ಪಟ್ಟು, ಎರಡು ಪಟ್ಟಲ್ಲ. ಏನೇ ಆದರೂ ಪೈಲಟ್ ಹೇಳುವ ತನಕ ಯಾರೂ ಇಳಿಯಬಾರದು. ಒಬ್ಬರು ಇಳಿದರೆ ಬಲೂನು ಅಷ್ಟು ಹಗುರ, ಉಳಿದವರೊಂದಿಗೆ ಮತ್ತೆ ಏಳುತ್ತದೆ. 2013ರ ಫೆಬ್ರವರಿ 26ರಂದು ಈಜಿಪ್ಟಿನ ಲಕ್ಸರ್‌ನಲ್ಲಿ ಇಳಿಯುವ ಹೊತ್ತಿನಲ್ಲೇ ಗ್ಯಾಸ್ ಕೊಳವೆಗೆ ಬೆಂಕಿ ಹತ್ತಿತು, ಪೈಲಟ್ ಹಾರಿ ಹೊರಬಿದ್ದರು, ಬಲೂನು ಮೇಲಕ್ಕೆ ಹೋಯಿತು. 19 ಜನ ಸತ್ತರು. ಅದಕ್ಕೇ ನಾವು ಹಾರುವ ಮುಂಚೆ ಕೊಳವೆಗಳನ್ನು ಒಂದೊಂದಾಗಿ ಕೈಯಿಂದ ಸವರಿ ನೋಡುತ್ತೇವೆ.

ಇಳಿದ ಮೇಲೆ ಹೊಲದವರ ಹತ್ತಿರ ಹೋಗಿ ಮಾತಾಡುವುದೂ ಪಾಠವೇ. ಮೊದಲು ವಿದ್ಯಾರ್ಥಿ ಹೋಗಬೇಕು, ನಾನಲ್ಲ. "ಏನ್ ಸ್ವಾಮಿ, ಹೇಳ್ದೆ ಕೇಳ್ದೆ ನಮ್ಮ ಹೊಲಕ್ಕೇ ಇಳ್ದುಬಿಟ್ರಲ್ಲ" ಅಂತ ಒಬ್ಬ ಯಜಮಾನರು ಕೇಳಿದ್ದರು. ಅವರು ಕೇಳಿದ್ದು ನ್ಯಾಯ. ಕ್ಷಮೆ ಕೇಳಿ, ಬದು ಕಿತ್ತಿದೆಯೇ, ಬೇಲಿ ಮುರಿದಿದೆಯೇ ಅಂತ ಅವರ ಜೊತೆಯಲ್ಲೇ ಸುತ್ತಿ ನೋಡಿ, ಹಾಳಾಗಿದ್ದರೆ ಅಲ್ಲೇ ಕಟ್ಟಿಕೊಡಬೇಕು.

ಆಮೇಲೆ ಇನ್ನೊಂದು ಕೆಲಸ. ಕ್ರೂನವರು ಬಲೂನು ಮಡಚುತ್ತಿರುವಾಗ ವಿದ್ಯಾರ್ಥಿಯನ್ನು ನಾವು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸುತ್ತೇನೆ. ಮೇಲಿಂದ ಎಣಿಸಿದ ಕಂಬಗಳನ್ನು ನೆಲದಲ್ಲಿ ನಿಂತು ಮತ್ತೆ ಎಣಿಸಬೇಕು. ಆ ಚಿಂತಾಮಣಿ ಹುಡುಗಿ, ಮೊನ್ನೆ ಮೊನ್ನೆಯ ಹಾರಾಟದಲ್ಲಿ ಮುನ್ನೂರು ಅಡಿಯಲ್ಲಿ "ಒಂಬತ್ತು ಕಂಬ ಸರ್, ಲೈನು ದಾಟಿದೆ, ಇದು ತಪ್ಪಿದರೆ ಹುಣಸೆಮರದ ಆಚೆ ಹೊಲ, ಇಳೀತೀನಿ" ಅಂದಳು. ನನ್ನ ಲೆಕ್ಕವೂ ಒಂಬತ್ತೇ ಇತ್ತು. ಬುಟ್ಟಿ ಪುಟಿಯಲೂ ಇಲ್ಲ, ಹಾಗೆ ಇಳಿಸಿದಳು. ನೀರು ಕುಡಿದು ಇಬ್ಬರೂ ಹಿಂದಕ್ಕೆ ನಡೆದೆವು. ಬದುವಿನಲ್ಲಿ ಒಂದು ದೊಡ್ಡ ಹೊಂಗೆಮರ, ಅದರ ಹಿಂದೆ ಬಳ್ಳಿ ಹಬ್ಬಿ ಪೂರ್ತಿ ಹಸಿರಾಗಿದ್ದ ಹತ್ತನೆಯ ಕಂಬ. ಅವಳು ತಲೆಯೆತ್ತಿ ತಂತಿ ಎತ್ತ ಹೋಗಿದೆ ಅಂತ ನೋಡಿದಳು, ನಾವು ಹಾದುಬಂದ ಕಡೆಗೆ ಕೈ ಮಾಡಿ ಅಂತರ ಅಳೆದಳು, ನೋಟ್‌ಬುಕ್ಕಿನಲ್ಲಿ ಒಂಬತ್ತನ್ನು ಹೊಡೆದುಹಾಕಿ ಹತ್ತು ಅಂತ ಬರೆದಳು. ನನ್ನ ನೋಟ್‌ಬುಕ್ಕನ್ನೂ ಕೇಳಿ ಇಸಿದುಕೊಂಡು ಅದರಲ್ಲೂ ತಿದ್ದಿದಳು.